ಪರವಾನಗಿ ಶುಲ್ಕವಿಲ್ಲ ಎಂಬ ಕಾರಣಕ್ಕೆ ಮುಕ್ತ ತಂತ್ರಾಂಶವನ್ನು ಆರಿಸಬಹುದೇ?

ದತ್ತಾಂಶ ಸಹಾಯಕಿ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ತಾಯಿ ಮತ್ತು ಮಕ್ಕಳ ಆರೋಗ್ಯಕ್ಕೆ ಸಂಬಂಧಿಸಿದ ಒಂದು ಸಣ್ಣ ಸಂಸ್ಥೆಯಲ್ಲಿ ದಾಖಲೆಗಳ ಹೊಣೆ ನನ್ನದು. ಕೆಲವು ವರ್ಷಗಳ ಹಿಂದೆ ನಾವು ಒಂದು ಕಂಪನಿಯ ತಂತ್ರಾಂಶವನ್ನು ಕೊಂಡಿದ್ದೆವು. ಮೂರನೆಯ ವರ್ಷ ಅವರು ಆ ಉತ್ಪನ್ನವನ್ನೇ ಕೈಬಿಟ್ಟರು; ನಾವೇ ತುಂಬಿದ್ದ ದಾಖಲೆಗಳನ್ನು ಅದರೊಳಗಿಂದ ಹೊರತೆಗೆಯಲು ನಮಗೆ ನಾಲ್ಕು ತಿಂಗಳು ಹಿಡಿಯಿತು. ಈಗ ಆಡಳಿತ ಮಂಡಳಿಯವರು, ಮುಕ್ತ ತಂತ್ರಾಂಶಕ್ಕೆ ಹಣವೇ ಬೇಡವಲ್ಲ, ಅದನ್ನೇ ಹಾಕಿಬಿಡಿ ಎನ್ನುತ್ತಿದ್ದಾರೆ. ವಿಶ್ವಸಂಸ್ಥೆಯ ಸದಸ್ಯ ರಾಷ್ಟ್ರಗಳು 2015ರಲ್ಲಿ ಒಪ್ಪಿಕೊಂಡ 17 ಸುಸ್ಥಿರ ಅಭಿವೃದ್ಧಿ ಗುರಿಗಳ ಕುರಿತು ಏನನ್ನು ಓದಿದರೂ ಮುಕ್ತ ತಂತ್ರಜ್ಞಾನದ ಪ್ರಸ್ತಾಪ ಬರುತ್ತದೆ. ಇದರಲ್ಲಿ ನಿಜವಾದ ಹುರುಳಿದೆಯೇ, ಅಥವಾ ಅಗ್ಗವಾದದ್ದಕ್ಕೆ ಕೊಟ್ಟ ದೊಡ್ಡ ಹೆಸರೇ? ಬಳಸಿ ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಹಳೆಯ ಸರ್ವರ್:

ಹುರುಳಿದೆ, ಆದರೆ ಅದು ಬೆಲೆಯಲ್ಲಿಲ್ಲ. ತಂತ್ರಾಂಶವನ್ನು ಬಳಸುವ, ಅದರ ಒಳಗನ್ನು ನೋಡುವ, ತಿದ್ದುವ, ತಿದ್ದಿದ್ದನ್ನು ಇನ್ನೊಬ್ಬರಿಗೆ ಕೊಡುವ ಹಕ್ಕು ನಿಮಗೆ ಸಿಗುತ್ತದೆ ಎಂಬುದೇ ಅದರ ತಿರುಳು. ನಿಮ್ಮ ಕ್ಷೇತ್ರದ್ದೇ ಉದಾಹರಣೆ ಬೇಕೆಂದರೆ, ಆರೋಗ್ಯದ ಅಂಕಿಅಂಶಗಳನ್ನು ಕಲೆಹಾಕುವ ಡಿಎಚ್‌ಐಎಸ್ 2 ಎಂಬ ಮುಕ್ತ ತಂತ್ರಾಂಶವಿದೆ. ವರ್ಣಭೇದ ನೀತಿ ಕೊನೆಗೊಂಡ 1994ರ ಹೊತ್ತಿನಲ್ಲಿ ದಕ್ಷಿಣ ಆಫ್ರಿಕಾದ ಆರೋಗ್ಯ ಇಲಾಖೆಗಳು ಒಂದಕ್ಕೊಂದು ಹೊಂದಿಕೆಯಾಗದ ನಮೂನೆಗಳಲ್ಲಿ ಲೆಕ್ಕ ಇಡುತ್ತಿದ್ದವು. ಅದನ್ನು ಸರಿಪಡಿಸಲು ಹುಟ್ಟಿದ ಕೆಲಸವೇ ಮುಂದೆ ಓಸ್ಲೋ ವಿಶ್ವವಿದ್ಯಾಲಯದ ನೇತೃತ್ವದಲ್ಲಿ ಬೆಳೆದು, ಇಂದು ಎಪ್ಪತ್ತಕ್ಕೂ ಹೆಚ್ಚು ದೇಶಗಳ ಆರೋಗ್ಯ ವ್ಯವಸ್ಥೆಗಳಲ್ಲಿ ಬಳಕೆಯಾಗುತ್ತಿದೆ. 2020ರ ಆರಂಭದಲ್ಲಿ ಕೋವಿಡ್ ಕಾಣಿಸಿಕೊಂಡಾಗ ಶ್ರೀಲಂಕಾದ ತಂಡವೊಂದು, ವಿದೇಶದಿಂದ ಬಂದಿಳಿಯುವವರ ಮೇಲೆ ನಿಗಾ ಇಡಲು ಇದೇ ತಂತ್ರಾಂಶದ ಮೇಲೆ ಒಂದು ಭಾಗವನ್ನು ಕಟ್ಟಿತು. ಯಾರ ಅಪ್ಪಣೆಗೂ ಅವರು ಕಾಯಬೇಕಾಗಲಿಲ್ಲ. ಆ ಕೆಲಸವನ್ನು ಬೇರೆ ದೇಶಗಳು ತಮಗೆ ಬೇಕಾದಂತೆ ತಿದ್ದಿಕೊಂಡವು. ಸಂಪರ್ಕಿತರ ಪತ್ತೆಗೆ ನಾರ್ವೆಯ ಪುರಸಭೆಗಳೂ ಅದರ ನೆರವು ಪಡೆದವು. ಜ್ಞಾನ ಶ್ರೀಮಂತ ದೇಶದಿಂದ ಬಡ ದೇಶಕ್ಕೆ ಹರಿಯುತ್ತದೆ ಎಂದೇ ನಾವು ಊಹಿಸಿಕೊಂಡಿರುತ್ತೇವೆ, ಇಲ್ಲಿ ಹರಿವಿನ ದಿಕ್ಕೇ ಬೇರೆಯಾಗಿತ್ತು.

ನಿಮ್ಮ ಸಂಸ್ಥೆಗೆ ಅಷ್ಟು ದೊಡ್ಡದು ಬೇಕಾಗಲಾರದು. ಮೊಬೈಲಿನಲ್ಲಿ ಮಾಹಿತಿ ತುಂಬಿಸಿಕೊಳ್ಳುವ ಓಡಿಕೆ (ODK) ಎಂಬಂಥ ಮುಕ್ತ ಸಾಧನವೇ ಸಾಕಾದೀತು. ಅದರಲ್ಲಿ ಪ್ರಶ್ನಾವಳಿಯನ್ನು ಮಾಮೂಲಿ ಸ್ಪ್ರೆಡ್‌ಶೀಟ್‌ನಲ್ಲಿ, ಸಾಲಿಗೆ ಒಂದು ಪ್ರಶ್ನೆಯಂತೆ ಬರೆಯುತ್ತೀರಿ. ಇನ್ನೊಂದು ಭಾಷೆ ಬೇಕಾದರೆ ಆ ಭಾಷೆಯ ಹೆಸರಿನಲ್ಲಿ ಮತ್ತೊಂದು ಲೇಬಲ್ ಅಂಕಣ ಸೇರಿಸಿದರಾಯಿತು. ಮಗುವಿನ ತೂಕದ ಸಾಲಿನಲ್ಲಿ 30 ಕಿಲೋಗಿಂತ ಹೆಚ್ಚು ಒಪ್ಪಬಾರದು ಎಂದು ಷರತ್ತು ಬರೆದಿಟ್ಟರೆ, 7.2 ಎಂದು ಬರೆಯಬೇಕಾದಲ್ಲಿ ಕಾರ್ಯಕರ್ತೆ ಚುಕ್ಕಿ ಮರೆತು 72 ಎಂದು ಒತ್ತಿದಾಗ ಮೊಬೈಲ್ ಮುಂದಿನ ಪ್ರಶ್ನೆಗೆ ಹೋಗುವುದಿಲ್ಲ. ನೆಟ್‌ವರ್ಕ್ ಇಲ್ಲದ ಕಡೆ ತುಂಬಿದ್ದು ಮೊಬೈಲಿನಲ್ಲೇ ಉಳಿದು, ಸಂಪರ್ಕ ಸಿಕ್ಕಾಗ ಸರ್ವರ್‌ಗೆ ಹೋಗುತ್ತದೆ. ಇದನ್ನೆಲ್ಲ ಮಾಡಲು ಪ್ರೋಗ್ರಾಮಿಂಗ್ ಕಲಿತವರೇ ಬೇಕೆಂದಿಲ್ಲ.

ಅನುಮಾನಿ:

ಮೇಲಿನವರು ಹೇಳಿದ್ದನ್ನು ಅಲ್ಲಗಳೆಯುತ್ತಿಲ್ಲ. ಆದರೆ ಆಡಳಿತ ಮಂಡಳಿಯವರ ‘ಹಣವೇ ಬೇಡ’ ಎಂಬ ಮಾತನ್ನು ಹಾಗೇ ಬಿಟ್ಟರೆ ಎರಡನೆಯ ವರ್ಷ ನೀವೇ ತೊಂದರೆಗೆ ಸಿಲುಕುತ್ತೀರಿ. ಸರ್ವರ್ ಬಾಡಿಗೆ, ಬ್ಯಾಕಪ್, ಹೊಸ ಆವೃತ್ತಿಗೆ ಏರಿಸುವ ಕೆಲಸ, ಹೊಸಬರಿಗೆ ತರಬೇತಿ ಇವೆಲ್ಲ ಇದ್ದೇ ಇರುತ್ತವೆ. ಪರವಾನಗಿಗೆ ಹೋಗುತ್ತಿದ್ದ ಹಣ ಸಂಬಳಕ್ಕೆ ಹೋಗಬೇಕು, ವ್ಯತ್ಯಾಸ ಇಷ್ಟೇ. ಆ ಸಂಬಳ ನಿಮ್ಮವರಿಗೇ ಸಂದು, ಕಲಿತ ವಿದ್ಯೆ ನಿಮ್ಮಲ್ಲೇ ಉಳಿಯುತ್ತದೆ ಎಂಬುದು ಲಾಭ. ಆದರೆ ಅದು ಖರ್ಚಲ್ಲವೆಂದು ಹೇಳಬೇಡಿ.

ಇನ್ನೊಂದು ಮಾತು. ಎಲ್ಲರೂ ನೋಡಬಹುದು ಎಂದರೆ ಯಾರಾದರೂ ನೋಡುತ್ತಿದ್ದಾರೆ ಎಂದು ಅರ್ಥವಲ್ಲ. ಎಕ್ಸ್‌ಜಡ್ ಎಂಬ, ಲೆಕ್ಕವಿಲ್ಲದಷ್ಟು ಲಿನಕ್ಸ್ ಯಂತ್ರಗಳಲ್ಲಿರುವ, ಕಡತಗಳ ಗಾತ್ರ ಕುಗ್ಗಿಸುವ ಮುಕ್ತ ತಂತ್ರಾಂಶವನ್ನು ಬಹುಕಾಲ ಒಬ್ಬ ಸ್ವಯಂಸೇವಕರೇ ಬಹುಮಟ್ಟಿಗೆ ನೋಡಿಕೊಳ್ಳುತ್ತಿದ್ದರು. ನೆರವಾಗುವ ನೆಪದಲ್ಲಿ ಬಂದು ವರ್ಷಗಟ್ಟಲೆ ನಂಬಿಕೆ ಗಳಿಸಿದ ಒಂದು ಖಾತೆ ಅದರೊಳಗೆ ಕಳ್ಳದಾರಿಯನ್ನು ಸೇರಿಸಿತು. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ಸರ್ವರ್‌ಗೆ ಲಾಗಿನ್ ಆಗಲು ಅರ್ಧ ಸೆಕೆಂಡಿನಷ್ಟು ತಡವಾಗುತ್ತಿರುವುದೇಕೆಂದು ಕೆದಕಿದ್ದರಿಂದ ಅದು ಬಯಲಾಯಿತು. ಸೋರ್ಸ್ ಕೋಡ್ (ತಂತ್ರಾಂಶದ ಮೂಲ ಬರಹ) ತೆರೆದಿದ್ದರಿಂದಲೇ ಅವರು ಕೆದಕಲು ಸಾಧ್ಯವಾಯಿತು, ಒಪ್ಪುತ್ತೇನೆ. ಆದರೆ ಇಡೀ ಲೋಕ ಆತುಕೊಂಡಿದ್ದ ಕೆಲಸವನ್ನು ಒಬ್ಬರ ಬಿಡುವಿನ ವೇಳೆಗೆ ಬಿಟ್ಟಿದ್ದು ಸುಸ್ಥಿರತೆಯಂತೂ ಅಲ್ಲ.

ದತ್ತಾಂಶ ಸಹಾಯಕಿ:

ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಆರಿಸುವಾಗ ಏನನ್ನು ನೋಡಬೇಕು? ಪರವಾನಗಿಯ ಹೆಸರುಗಳು ನನಗೆ ಅಷ್ಟಾಗಿ ತಿಳಿಯುವುದಿಲ್ಲ.

ನಕ್ಷೆಗಾರ:

ಪರವಾನಗಿಯನ್ನು ಕೊನೆಗೆ ನೋಡಿದರೂ ನಡೆಯುತ್ತದೆ. 2019ರಲ್ಲಿ ಆರಂಭವಾದ ಡಿಜಿಟಲ್ ಪಬ್ಲಿಕ್ ಗೂಡ್ಸ್ ಅಲಯನ್ಸ್ ಎಂಬ ಅಂತರರಾಷ್ಟ್ರೀಯ ಒಕ್ಕೂಟ 9 ಮಾನದಂಡಗಳನ್ನು ಇಟ್ಟುಕೊಂಡು ಇಂಥ ತಂತ್ರಾಂಶಗಳನ್ನು ಪರಿಶೀಲಿಸಿ, ಒಪ್ಪಿದವುಗಳ ಪಟ್ಟಿಯನ್ನು ಪ್ರಕಟಿಸುತ್ತದೆ. ಮುಕ್ತ ಪರವಾನಗಿ ಆ ಒಂಬತ್ತರಲ್ಲಿ ಒಂದು ಮಾತ್ರ. ದಾಖಲೆಗಳನ್ನು ಯಾರ ಸ್ವಾಮ್ಯಕ್ಕೂ ಒಳಪಡದ ರೂಪದಲ್ಲಿ ಹೊರತೆಗೆಯಲು ದಾರಿ ಇರಬೇಕು ಎಂಬುದು ಮತ್ತೊಂದು; ನಿಮ್ಮ ನಾಲ್ಕು ತಿಂಗಳ ಪಾಡಿಗೆ ಮದ್ದು ಇದೇ. ಆ ಪಟ್ಟಿಯಲ್ಲಿದೆ ಎಂದಮಾತ್ರಕ್ಕೆ ಕಣ್ಣುಮುಚ್ಚಿ ನಂಬಬೇಡಿ. ಕಳೆದ ಆರು ತಿಂಗಳಲ್ಲಿ ಕೋಡ್ ಬದಲಾಗಿದೆಯೇ, ಬಳಕೆದಾರರ ದೂರುಗಳಿಗೆ ಯಾರಾದರೂ ಉತ್ತರಿಸುತ್ತಿದ್ದಾರೆಯೇ, ಉತ್ತರಿಸುವವರು ಒಬ್ಬರೇ ಆಗಿದ್ದಾರೆಯೇ ಎಂದು ಒಂದು ಸಂಜೆ ಕೂತು ನೋಡಿ.

ಅನುಮಾನಿಯವರಿಗೆ ಒಂದು ಮಾತು: ಸ್ವಯಂಸೇವಕರ ಕೆಲಸವೆಲ್ಲ ಒಂಟಿ ಕೆಲಸವಲ್ಲ. 2010ರ ಜನವರಿ 12ರಂದು ಹೈಟಿಯಲ್ಲಿ ಭೂಕಂಪವಾದಾಗ, ಸ್ವಯಂಸೇವಕರು ಸೇರಿ ಬರೆಯುವ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ನಕ್ಷೆಯಲ್ಲಿ ರಾಜಧಾನಿ ಪೋರ್ಟೋ ಪ್ರಿನ್ಸ್‌ನ ಬಹುಭಾಗ ಖಾಲಿಯಿತ್ತು. ಉಪಗ್ರಹ ಚಿತ್ರಗಳು ಕೈಗೆ ಬಂದ ಕೂಡಲೇ ನೂರಾರು ಜನ ತಮ್ಮತಮ್ಮ ಮನೆಗಳಲ್ಲಿ ಕೂತು ರಸ್ತೆ, ಕುಸಿದ ಕಟ್ಟಡ, ಡೇರೆಗಳನ್ನು ಗುರುತಿಸಿದರು; ರಕ್ಷಣಾ ತಂಡಗಳು ಆ ನಕ್ಷೆಯನ್ನೇ ಬಳಸಿದವು. ಅದೇ ವರ್ಷ ಇದಕ್ಕೆಂದೇ ಒಂದು ಸಂಸ್ಥೆ ನೋಂದಣಿಯಾಯಿತು. ನಾನೂ ಅದರ ವ್ಯವಸ್ಥೆಯಲ್ಲಿ ನಕ್ಷೆ ಬರೆಯುತ್ತೇನೆ: ಪ್ರದೇಶವನ್ನು ಚೌಕಗಳಾಗಿ ಒಡೆದಿರುತ್ತಾರೆ, ಒಬ್ಬರು ಒಂದು ಚೌಕ ಮುಗಿಸಿದ ಮೇಲೆ ಇನ್ನೊಬ್ಬರು ತಾಳೆ ನೋಡುತ್ತಾರೆ. ಹುಲ್ಲಿನ ಬಣವೆಯನ್ನು ಮನೆಯೆಂದು ಬರೆದು ನಾನು ತಿದ್ದಿಸಿಕೊಂಡಿದ್ದು ಒಂದೆರಡು ಸಲವಲ್ಲ.

ದತ್ತಾಂಶ ಸಹಾಯಕಿ:

ನಿನ್ನೆ ಓಡಿಕೆಯಲ್ಲಿ 20 ಕಾಲ್ಪನಿಕ ದಾಖಲೆಗಳನ್ನು ತುಂಬಿ, ಮೊದಲು ಹೊರತೆಗೆದು ನೋಡಿದೆ. ಇಪ್ಪತ್ತೂ ಬಂದವು. ಆದರೆ ಕೆಲವು ಮಕ್ಕಳ ಜನ್ಮದಿನಾಂಕದಲ್ಲಿ ದಿನ ಮತ್ತು ತಿಂಗಳು ಅದಲುಬದಲಾದಂತೆ ಕಾಣುತ್ತಿದೆ.

ಹಳೆಯ ಸರ್ವರ್:

ಅದು ಸ್ಪ್ರೆಡ್‌ಶೀಟ್ ತೋರಿಸುವ ರೀತಿ ಇರಬೇಕು. ಕಡತದೊಳಗೆ ದಿನಾಂಕ ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲೇ ಇರುತ್ತದೆ. ಅದೇ ಕಡತವನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಖಚಿತಪಡಿಸಿಕೊಳ್ಳಿ. ಅಲ್ಲಿಯವರೆಗೆ ಸ್ಪ್ರೆಡ್‌ಶೀಟ್‌ನಲ್ಲಿ ಉಳಿಸಲು ಹೋಗಬೇಡಿ.