ಕಲಬುರಗಿಯ ಬೇಸಿಗೆ ಮತ್ತು ವಯಸ್ಸಾದ ತಂದೆ-ತಾಯಿ: ಏನು ಸಿದ್ಧತೆ ಮಾಡಬೇಕು?

ಪ್ರಶ್ನೆ (ಬೆಂಗಳೂರಿನಿಂದ)

ನನ್ನ ತಂದೆಗೆ 74, ತಾಯಿಗೆ 69 ವರ್ಷ. ಇಬ್ಬರೇ ಕಲಬುರಗಿಯ ಹಳೆಯ ಮನೆಯ ಮೇಲಂತಸ್ತಿನಲ್ಲಿದ್ದಾರೆ. ಮಲಗುವ ಕೋಣೆಗೆ ಆರ್‌ಸಿಸಿ ಛಾವಣಿಯಿದೆ, ಅಡುಗೆಮನೆಗೆ ಮಾತ್ರ ತಗಡಿನ ಪತ್ರಾಸು. ತಂದೆಯವರು ಬಿಪಿ ಮಾತ್ರೆಯ ಜೊತೆಗೆ ಮೂತ್ರ ಹೆಚ್ಚಿಸುವ ಮಾತ್ರೆಯನ್ನೂ ತೆಗೆದುಕೊಳ್ಳುತ್ತಾರೆ. ತಾಯಿಗೆ ಇನ್ಸುಲಿನ್ ಇದೆ. ಕಳೆದ ಮೇ ತಿಂಗಳಲ್ಲಿ ಮಧ್ಯಾಹ್ನ ರೊಟ್ಟಿ ಬಡಿಯುತ್ತಿದ್ದಾಗ ತಾಯಿ ತಲೆ ಸುತ್ತಿ ಅಲ್ಲೇ ಕುಸಿದಿದ್ದರು. ಬೆಂಗಳೂರಿಗೆ ಬನ್ನಿ ಎಂದರೆ, "ಹುಟ್ಟಿದಾಗಿಂದ ಇದೇ ಬಿಸಲಾಗ ಬೆಳದೀವಿ" ಎನ್ನುತ್ತಾರೆ. ಮನೆಯಲ್ಲಿ ಕೂಲರ್ ಇದ್ದರೂ ಕೋಣೆ ತಂಪಾಗದೆ ಜಿಗುಟು ಜಿಗುಟಾಗುತ್ತದೆಯಂತೆ. ಎಸಿ ಹಾಕಿಸುವುದೇ ಸರಿಯೇ? ತಂದೆಯವರು ಬಿಸಿಲು ತಾಗುವುದಿಲ್ಲವೆಂದು ನಂಬಿ ಕಿಸೆಯಲ್ಲಿ ಉಳ್ಳಾಗಡ್ಡಿ (ಈರುಳ್ಳಿ) ಇಟ್ಟುಕೊಂಡು ನಡುಮಧ್ಯಾಹ್ನವೇ ಹೊರಗೆ ಹೊರಡುತ್ತಾರೆ ಎಂಬುದು ಇನ್ನೊಂದು ಚಿಂತೆ.

ಉತ್ತರ 1 (ರಾಯಚೂರಿನಿಂದ)

ಎಸಿಗೆ ಹಣ ಹಾಕುವ ಮೊದಲು ಒಂದು ವಿಷಯವನ್ನು ವಿಚಾರಿಸಿ: ಕೂಲರ್ ನಡೆಯುವಾಗ ಅವರು ಕಿಟಕಿ ಮುಚ್ಚುತ್ತಾರೆಯೇ? ನಮ್ಮ ಕಡೆಯ ಬಹುತೇಕ ಮನೆಗಳಲ್ಲಿ ಆಗುವ ತಪ್ಪು ಇದೇ. ನೀರು ಆವಿಯಾಗುವುದರಿಂದ ಕೂಲರ್ ಗಾಳಿಯನ್ನು ತಂಪು ಮಾಡುತ್ತದೆ. ಆ ತೇವದ ಗಾಳಿ ಹೊರಹೋಗಲು ಎದುರಿನ ಕಿಟಕಿಯೋ ಬಾಗಿಲೋ ತುಸು ತೆರೆದಿರದಿದ್ದರೆ, ಅರ್ಧ ಗಂಟೆಯೊಳಗೆ ಕೋಣೆಯಲ್ಲಿ ತೇವ ತುಂಬಿಕೊಂಡು ಮೈಯ ಬೆವರೂ ಆರುವುದಿಲ್ಲ. ಮಂಗಳೂರಿನಲ್ಲಿ ಕೂಲರ್ ಕೆಲಸಕ್ಕೆ ಬಾರದಿರುವುದಕ್ಕೂ ಇದೇ ಕಾರಣ. ಕಲಬುರಗಿ, ರಾಯಚೂರುಗಳ ಒಣ ಬಿಸಿಲಿಗೆ ಅದು ಹೇಳಿ ಮಾಡಿಸಿದ್ದು. ಕರೆಂಟು ಹೋದರೆ ಸಾಧಾರಣ ಇನ್ವರ್ಟರ್ ಮೇಲೂ ನಡೆಯುತ್ತದೆ, ಎಸಿ ನಡೆಯುವುದಿಲ್ಲ. ವಾರಕ್ಕೊಮ್ಮೆ ನೀರು ಪೂರ್ತಿ ಚೆಲ್ಲಿ ತೊಟ್ಟಿ ಒರೆಸಲು ಹೇಳಿ, ಡೆಂಗಿ ಹರಡುವ ಸೊಳ್ಳೆ ಅಲ್ಲೇ ಮೊಟ್ಟೆಯಿಡುತ್ತದೆ.

ಮೇಲಂತಸ್ತಿನಲ್ಲಿ ನಿಜವಾದ ಕಾಟ ರಾತ್ರಿಯದು. ಹಗಲೆಲ್ಲ ಕಾದ ಸ್ಲ್ಯಾಬು ನಡುರಾತ್ರಿಯವರೆಗೂ ಬಿಸಿ ಬಿಡುತ್ತಲೇ ಇರುತ್ತದೆ. ಯುಗಾದಿಗೆ ಮುಂಚೆ ಛಾವಣಿಗೆ ಎರಡು ಕೈ ಬಿಳಿ ಸುಣ್ಣ ಹೊಡೆಸಿ. 2013ರಲ್ಲಿ ಬಿಸಿಲಿನ ಕಾರ್ಯಯೋಜನೆ ರೂಪಿಸಿದ ಅಹಮದಾಬಾದಿನಲ್ಲಿಯೂ ಮುಂದೆ ಬಡವರ ಮನೆಗಳ ಛಾವಣಿಗೆ ಬಿಳಿ ಬಳಿಸಿದ್ದರು. ಪತ್ರಾಸಿನ ಮೇಲೆ ಮಾತ್ರ ಸುಣ್ಣ ನಿಲ್ಲುವುದಿಲ್ಲ. ಅದಕ್ಕೆ ತೊಗರಿ ಕಟ್ಟಿಗೆ ಅಥವಾ ಜೋಳದ ಸೊಪ್ಪೆ ಹಾಸಿ ಕಟ್ಟುವ ರೂಢಿಯಿದ್ದರೂ ಬೆಂಕಿಯ ಭಯವಿರುವುದರಿಂದ ಅಡುಗೆಮನೆಗೆ ನಾನು ಒಪ್ಪುವುದಿಲ್ಲ, ಒಳಗಡೆ ಫಾಲ್ಸ್ ಸೀಲಿಂಗ್ ಮಾಡಿಸುವುದೇ ಮೇಲು.

ರೊಟ್ಟಿಯ ಬಗ್ಗೆ ಒಂದು ಮಾತು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿ ರೊಟ್ಟಿಯ ಹಟ ಬಿಡಲಿ. ವಾರಕ್ಕೊಂದು ದಿನ ನಸುಕಿನಲ್ಲಿ ಖಡಕ್ ರೊಟ್ಟಿ ಮಾಡಿಟ್ಟುಕೊಂಡರೆ ಶೇಂಗಾ ಹಿಂಡಿ, ಮೊಸರಿನೊಂದಿಗೆ ಮಧ್ಯಾಹ್ನದ ಊಟ ಒಲೆ ಹಚ್ಚದೆ ಮುಗಿಯುತ್ತದೆ.

ಉತ್ತರ 2 (ನಿವೃತ್ತ ನರ್ಸ್)

ಮೇಲಿನ ಸರ್ ಮನೆಯ ವಿಷಯ ಹೇಳಿದ್ದಾರೆ, ನಾನು ಮೈಯ ವಿಷಯ ಹೇಳುತ್ತೇನೆ. ವಯಸ್ಸಾದವರಿಗೆ ಬಾಯಾರಿಕೆ ತಡವಾಗಿ ತಿಳಿಯುತ್ತದೆ; ಅದರ ಮೇಲೆ ನಿಮ್ಮ ತಂದೆಯವರು ತೆಗೆದುಕೊಳ್ಳುವ ಮೂತ್ರದ ಮಾತ್ರೆ ದೇಹದ ನೀರು ಮತ್ತು ಉಪ್ಪು ಎರಡನ್ನೂ ಹೊರಹಾಕುತ್ತದೆ. ಮಾತ್ರೆಯನ್ನು ತಾವಾಗಿಯೇ ಬಿಡಬಾರದು, ಆದರೆ ಬೇಸಿಗೆಯಲ್ಲಿ ಪ್ರಮಾಣ ಬದಲಿಸಬೇಕೇ, ದಿನಕ್ಕೆ ಎಷ್ಟು ನೀರು ಕುಡಿಯಬಹುದು ಎಂದು ಮಾರ್ಚ್‌ನಲ್ಲಿಯೇ ವೈದ್ಯರನ್ನು ಕೇಳಲಿ. ಉಪ್ಪು ಹಾಕಿದ ಮಜ್ಜಿಗೆ ಎಲ್ಲರಿಗೂ ಒಳ್ಳೆಯದೆನ್ನುವುದು ಬಿಪಿ ಇರುವವರ ಮಟ್ಟಿಗೆ ಸರಿಯಲ್ಲ. ಮನೆಯಲ್ಲಿ ಓಆರ್‌ಎಸ್ ಮಾಡುವುದಾದರೆ ಒಂದು ಲೀಟರ್ ನೀರಿಗೆ ಟೀ ಚಮಚದಲ್ಲಿ ತಲೆ ಸಮವಾಗಿ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಆದರೆ ಅದು ತಾಯಿಯವರ ದಿನನಿತ್ಯದ ಪಾನೀಯವಲ್ಲ.

ತೆರೆಯದ ಇನ್ಸುಲಿನ್ ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯೊಳಗೆ ಇರಬೇಕು, ಫ್ರೀಜರ್‌ನಲ್ಲಿ ಅಲ್ಲ. ಬಳಸುತ್ತಿರುವ ಸೀಸೆಯನ್ನು ಹೊರಗಿಡಬಹುದು ಎನ್ನುವ ಮಾತು ತಂಪಾದ ಕೋಣೆಗೆ ಅನ್ವಯಿಸುತ್ತದೆಯೇ ಹೊರತು 40 ಡಿಗ್ರಿ ದಾಟುವ ಊರಿಗಲ್ಲ. ಕರೆಂಟು ಹೆಚ್ಚು ಹೊತ್ತು ಹೋದರೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ ನೀರಿರುವ ಮಣ್ಣಿನ ಗಡಿಗೆಯೊಳಗೆ ಇಡಲಿ.

ಕಳೆದ ವರ್ಷ ಆದದ್ದು ಬರೀ ಸುಸ್ತಾಗಿರಬಹುದು. ಆದರೆ ಮಾತು ತೊದಲಿದರೆ, ಸಂಬಂಧವಿಲ್ಲದ್ದನ್ನು ಬಡಬಡಿಸಿದರೆ, ಮೈ ಕೆಂಡದಂತೆ ಸುಟ್ಟರೆ ಅದನ್ನು ಶಾಖಾಘಾತವೆಂದೇ ತಿಳಿಯಬೇಕು. ಬೆವರು ಬರುತ್ತಿದೆಯಲ್ಲ ಎಂದು ಸುಮ್ಮನಿರಬಾರದು. 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೆ ಮೈಮೇಲೆ ನೀರು ಸುರಿಯುತ್ತಾ ಗಾಳಿ ಹಾಕಬೇಕು, ಕಂಕುಳು ಮತ್ತು ಕುತ್ತಿಗೆಗೆ ತಣ್ಣನೆಯ ಒದ್ದೆ ಬಟ್ಟೆ ಇಡಬೇಕು. ಪ್ಯಾರಾಸಿಟಮಾಲ್ ಈ ತಾಪವನ್ನು ಇಳಿಸುವುದಿಲ್ಲ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ.

ಉಳ್ಳಾಗಡ್ಡಿ ಕಿಸೆಯಲ್ಲಿರಲಿ, ಕಸಿದುಕೊಂಡು ಮುದುಕರ ಮನಸ್ಸು ನೋಯಿಸುವುದೇಕೆ! ಜೊತೆಗೆ ಕೊಡೆಯೂ ಇರಲಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಈಗಷ್ಟೇ ಫೋನ್ ಮಾಡಿದ್ದೆ. ಸೊಳ್ಳೆ ಬರುತ್ತವೆಂದು ಕಿಟಕಿ ಮುಚ್ಚಿಯೇ ಕೂಲರ್ ಹಚ್ಚುತ್ತಾರಂತೆ. ಈ ಭಾನುವಾರ ಹೋಗಿ ಕಿಟಕಿಗೆ ಜಾಲರಿ ಹಾಕಿಸುತ್ತೇನೆ. ಬೇಸಿಗೆಯಲ್ಲಿ ನಮ್ಮ ಕಡೆಯ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೇ ತೆರೆಯುವುದರಿಂದ ಹೊರಗಿನ ಕೆಲಸವನ್ನು 10ರೊಳಗೆ ಮುಗಿಸಲು ತಂದೆಯವರನ್ನು ಒಪ್ಪಿಸಿದ್ದೇನೆ. ಮನೆಯ ಇನ್ನೊಂದು ಬೀಗದ ಕೈಯನ್ನು ಕೆಳಗಿನ ಮನೆಯ ಕಾಕಾನ ಹತ್ತಿರ ಕೊಟ್ಟು, ಮಧ್ಯಾಹ್ನ 3ಕ್ಕೆ ಒಮ್ಮೆ ಕೂಗಿ ನೋಡಲು ಕೇಳಿಕೊಳ್ಳುತ್ತೇನೆ. ಖಡಕ್ ರೊಟ್ಟಿಗೆ ಮಾತ್ರ ತಂದೆಯವರು ಇನ್ನೂ ಒಪ್ಪಿಲ್ಲ, ಹಲ್ಲಿಲ್ಲ ಎನ್ನುತ್ತಾರೆ. ಮಜ್ಜಿಗೆಯಲ್ಲಿ ನೆನೆಸಿಕೊಂಡು ತಿನ್ನಿ ಎಂದು ತಾಯಿ ಗದರುತ್ತಿದ್ದರು.