ಪೇಪರ್ ಬಿಲ್ ಬಿಟ್ಟು ಮೊಬೈಲ್‌ಗೇ ಬಿಲ್: ನಂಬರ್ ಕಡ್ಡಾಯ ಮಾಡಬೇಕಾ?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮದು ಬಟ್ಟೆ ಅಂಗಡಿ. ಪೇಪರ್ ಬಿಲ್ ಬದಲು ಮೊಬೈಲ್‌ಗೆ ಬಿಲ್ ಕಳಿಸೋಣ ಅಂತಿದ್ದೇವೆ. ಪ್ರತಿಯೊಬ್ಬ ಗ್ರಾಹಕರ ನಂಬರ್ ಕಡ್ಡಾಯವಾಗಿ ತಗೊಳ್ಳಿ, ಮುಂದೆ ಆಫರ್ ಕಳಿಸೋಕೆ ಬರುತ್ತದೆ ಅಂತ ಸಾಫ್ಟ್‌ವೇರ್‌ನವರು ಹೇಳುತ್ತಿದ್ದಾರೆ. ಹಾಗೇ ಮಾಡಲಾ?

ಉತ್ತರ: ಡಿಜಿಟಲ್ ಬಿಲ್ ಖಂಡಿತ ಶುರು ಮಾಡಿ ಸರ್. ನಂಬರ್ ಮಾತ್ರ ಕಡ್ಡಾಯ ಮಾಡಬೇಡಿ. ದುಡ್ಡು ಕೊಟ್ಟವರಿಗೆ ಬಿಲ್ ಸಿಗಲೇಬೇಕು, ಅದಕ್ಕೆ ಅವರು ಇನ್ನೇನನ್ನೂ ಕೊಡಬೇಕಾಗಿಲ್ಲ. ಅಂಗಡಿಗಳಿಗೆ ಬಿಲ್ಲಿಂಗ್ ವ್ಯವಸ್ಥೆ ಹಾಕಿಕೊಡುವುದೇ ನನ್ನ ಕೆಲಸ. ಹಾಗಾಗಿ ಇದನ್ನು ಒತ್ತಿ ಹೇಳುತ್ತೇನೆ. ಬಿಲ್ಲಿಗೆ ಅಂತ ಕೊಟ್ಟ ನಂಬರಿಗೆ ಆಫರ್ ಮೆಸೇಜ್ ಬಂದರೆ ಜನ ಮುಂದಿನ ಸಲ ನಂಬರ್ ಕೊಡುವುದಿಲ್ಲ, ಇಲ್ಲವೇ ಸುಮ್ನೆ ಯಾವುದೋ ಹತ್ತು ಅಂಕಿ ಹೇಳಿ ಹೋಗುತ್ತಾರೆ. ಆಫರ್ ಬೇಕಾ ಅಂತ ಬೇರೆಯಾಗಿ ಕೇಳಿ. ಬೇಡ ಅಂದರೆ ಅಲ್ಲಿಗೇ ಬಿಡಿ. ಯುರೋಪಿನಲ್ಲಿ 2018ರಿಂದ ಜಾರಿಯಲ್ಲಿರುವ ಜಿಡಿಪಿಆರ್ ಅನ್ನುವ, ಜನರ ವೈಯಕ್ತಿಕ ಮಾಹಿತಿ ಕಾಪಾಡುವ ಕಾನೂನು ಕೂಡ ಒಂದು ಕೆಲಸಕ್ಕೆ ಪಡೆದ ಮಾಹಿತಿಯನ್ನು ಮನಸ್ಸಿಗೆ ಬಂದಂತೆ ಇನ್ನೊಂದಕ್ಕೆ ಬಳಸಲು ಬಿಡುವುದಿಲ್ಲ.

ಪ್ರಶ್ನೆ: ನಂಬರ್ ಇಲ್ಲದೆ ಬಿಲ್ ಹೇಗೆ ತಲುಪಿಸೋದು ಮತ್ತೆ?

ಉತ್ತರ: ಗ್ರಾಹಕರ ಕಡೆ ಇರುವ ಸ್ಕ್ರೀನಿನಲ್ಲಿ ಆ ಬಿಲ್ಲಿನ ಕ್ಯೂಆರ್ ಕೋಡ್ ತೋರಿಸಿ. ಅವರು ಸ್ಕ್ಯಾನ್ ಮಾಡಿದರೆ ಬಿಲ್ ಅವರ ಫೋನಿನಲ್ಲಿ ತೆರೆದುಕೊಳ್ಳುತ್ತದೆ. ನಂಬರ್ ಕೇಳಿ ಟೈಪ್ ಮಾಡುವಾಗ ಒಂದು ಅಂಕಿ ತಪ್ಪಿದರೂ ಬಿಲ್ ಇನ್ಯಾರಿಗೋ ಹೋಗುತ್ತದೆ. ಇಲ್ಲಿ ಆ ತೊಂದರೆಯೇ ಇಲ್ಲ. ಕ್ಯೂ ಕೂಡ ನಿಲ್ಲುವುದಿಲ್ಲ.

ಆದರೆ ಒಂದು ಪರೀಕ್ಷೆ ಮಾಡದೆ ಶುರು ಮಾಡಬೇಡಿ. ಒಂದು ಬಿಲ್ಲಿನ ಲಿಂಕ್ ತೆರೆದು, ಕೊನೆಯ ಅಂಕಿಯನ್ನು ಬದಲಿಸಿ ನೋಡಿ. ಬೇರೆಯವರ ಬಿಲ್ ಕಾಣಿಸಿತು ಅಂದರೆ ಆ ಸಾಫ್ಟ್‌ವೇರ್ ತಗೊಳ್ಳಬೇಡಿ. ಬಿಲ್ ನಂಬರನ್ನೇ ಲಿಂಕ್ ಮಾಡಿದರೆ ಹೀಗಾಗುತ್ತದೆ. ಯಾರು ಏನು ಕೊಂಡರು ಅನ್ನುವುದು ಊರಿಗೆಲ್ಲ ಗೊತ್ತಾಗುತ್ತದೆ. ಲಿಂಕ್ ಉದ್ದವಾಗಿರಬೇಕು, ಊಹಿಸಲು ಆಗಬಾರದು. ಕಾರ್ಡ್ ನಂಬರಿನ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣಬೇಕು. ಲಿಂಕ್ ಎಷ್ಟು ದಿನ ತೆರೆದಿರುತ್ತದೆ ಅನ್ನುವುದನ್ನೂ ಕೇಳಿ. ವಾಪಸ್ ಕೊಡುವ ಅವಧಿ, ವಾರಂಟಿ ಮುಗಿಯುವ ಮೊದಲೇ ಅದು ಮುಚ್ಚಿಹೋದರೆ ಬಿಲ್ ಕೊಟ್ಟೂ ಉಪಯೋಗವಿಲ್ಲ, ಅಲ್ವಾ? ಕಂಪನಿ ಬದಲಿಸಿದರೆ ಹಳೆಯ ಬಿಲ್‌ಗಳು ನಿಮ್ಮ ಕೈಗೆ ಸಿಗುತ್ತವಾ ಅಂತ ಬರವಣಿಗೆಯಲ್ಲೇ ಪಡೆಯಿರಿ.

ಇನ್ನೊಬ್ಬರ ಪ್ರಶ್ನೆ: ಪ್ರಿಂಟರನ್ನು ಪೂರ್ತಿ ತೆಗೆದುಬಿಡಬಹುದಾ ಮೇಡಂ?

ಉತ್ತರ: ಇಲ್ಲ, ಇರಲಿ. ಸ್ಮಾರ್ಟ್‌ಫೋನ್ ಇಲ್ಲದವರು ಇರುತ್ತಾರೆ, ಚಾರ್ಜ್ ಮುಗಿದವರು ಇರುತ್ತಾರೆ, ಪೇಪರೇ ಬೇಕು ಅನ್ನುವವರೂ ಇರುತ್ತಾರೆ. ಫ್ರಾನ್ಸ್ 2023ರ ಆಗಸ್ಟ್ 1ರಿಂದ ತಂತಾನೇ ಬಿಲ್ ಪ್ರಿಂಟ್ ಆಗುವುದನ್ನು ನಿಲ್ಲಿಸಿತು. ಆದರೆ ಅಲ್ಲೂ ಗ್ರಾಹಕರು ಕೇಳಿದರೆ ಪ್ರಿಂಟ್ ಕೊಡಬೇಕು. ನನಗೆ ಅದೇ ಸರಿ ಅನ್ನಿಸುತ್ತದೆ. ನಿಮ್ಮ ಕಡೆ ಡಿಜಿಟಲ್ ಬಿಲ್ ಲೆಕ್ಕಕ್ಕೆ ನಡೆಯುತ್ತದಾ, ಎಷ್ಟು ವರ್ಷ ಇಟ್ಟುಕೊಳ್ಳಬೇಕು ಅನ್ನುವುದನ್ನು ನಿಮ್ಮ ಅಕೌಂಟೆಂಟ್ ಹತ್ತಿರ ಮೊದಲೇ ಕೇಳಿ.

ಪ್ರಶ್ನೆ: ಪೇಪರ್ ಬಿಲ್ ಆರೋಗ್ಯಕ್ಕೆ ಕೆಟ್ಟದ್ದು ಅಂತಾರಲ್ಲ, ನಿಜವಾ?

ಉತ್ತರ: ಬಿಲ್ ಪ್ರಿಂಟರಿನಲ್ಲಿ ಸಾಮಾನ್ಯವಾಗಿ ಹಾಕುವ ಥರ್ಮಲ್ ಪೇಪರಿನಲ್ಲಿ ಶಾಯಿ ಇರುವುದಿಲ್ಲ, ಬಿಸಿ ತಾಗಿದಾಗ ಲೇಪನವೇ ಕಪ್ಪಾಗುತ್ತದೆ. ಆ ಲೇಪನದಲ್ಲಿ ಬಿಸ್ಫಿನಾಲ್ ಎ ಅನ್ನುವ, ದೇಹದ ಹಾರ್ಮೋನುಗಳಿಗೆ ತೊಂದರೆ ಕೊಡಬಲ್ಲ ರಾಸಾಯನಿಕ ಬಳಸುತ್ತಿದ್ದರು. ಚರ್ಮದ ಮೂಲಕ ಅದು ಸ್ವಲ್ಪ ಒಳಗೆ ಹೋಗುತ್ತದೆ. ಯುರೋಪಿಯನ್ ಒಕ್ಕೂಟ 2020ರ ಜನವರಿಯಿಂದ ಇಂಥ ಪೇಪರಿನಲ್ಲಿ ಬಿಸ್ಫಿನಾಲ್ ಎ ತೂಕದ ಶೇ. 0.02 ಅಥವಾ ಅದಕ್ಕಿಂತ ಜಾಸ್ತಿ ಇರಬಾರದು ಎಂದಿದೆ. ಗ್ರಾಹಕರು ಅದನ್ನು ಕ್ಷಣಮಾತ್ರ ಹಿಡಿಯುತ್ತಾರೆ. ದಿನವಿಡೀ ಮುಟ್ಟುವವರು ನಿಮ್ಮ ಕ್ಯಾಷಿಯರ್. ಅವರಿಗಾಗಿ ಬಿಸ್ಫಿನಾಲ್ ಇಲ್ಲದ ರೋಲ್ ಕೇಳಿ ತರಿಸಿ. ಸ್ಯಾನಿಟೈಸರ್ ಹಚ್ಚಿದ ಒದ್ದೆ ಕೈಯಲ್ಲಿ ಬಿಲ್ ಮುಟ್ಟಬೇಡಿ ಅಂತಲೂ ಹೇಳಿ, ಆಗ ಚರ್ಮಕ್ಕೆ ಇಳಿಯುವುದು ಜಾಸ್ತಿ.

ಪ್ರಶ್ನೆ: ಕೊನೆಯದಾಗಿ, ಕೌಂಟರಿನಲ್ಲಿ ಏನಂತ ಕೇಳಬೇಕು?

ಉತ್ತರ: 'ಬಿಲ್ ಫೋನಿಗೆ ಬೇಕಾ, ಪೇಪರ್ ಬೇಕಾ?' ಇಷ್ಟೇ ಕೇಳಿ. ಮೊದಲು ಒಂದು ಕೌಂಟರಿನಲ್ಲಿ ಶುರು ಮಾಡಿ. ಇಂಟರ್ನೆಟ್ ಕಿತ್ತು ಒಂದು ಬಿಲ್ ಹಾಕಿ ನೋಡಿ, ಆಗ ತಕ್ಷಣ ಪ್ರಿಂಟ್ ಬರಬೇಕು. ಅದು ಸರಿಯಾದ ಮೇಲೆ ಉಳಿದ ಕೌಂಟರಿಗೆ ಹಾಕಿಸಿ.