ಹೊಸ 10 ಸ್ಪೀಡ್ ಸೆಟ್ ಹಾಕಿಸಿದ ಮೇಲೆ ನಡುವಿನ ಗೇರ್‌ಗಳು ಕೂರುತ್ತಿಲ್ಲ

ಗಂಗಾವತಿ ಗ್ರಾವೆಲ್:

ಎಲ್ಲರಿಗೂ ನಮಸ್ಕಾರ. ನನ್ನ ಗ್ರಾವೆಲ್ ಬೈಕಿನಲ್ಲಿ (ಮಣ್ಣು, ಕಲ್ಲು ದಾರಿಯ ಸೈಕಲ್) ಮೊದಲು ಶಿಮಾನೊ ಕಂಪನಿಯ 9 ಸ್ಪೀಡ್, ಅಂದರೆ ಹಿಂದೆ 9 ಗೇರಿನ, ಸೋರಾ ಸೆಟ್ ಇತ್ತು. ಆನೆಗುಂದಿ, ಸಾಣಾಪುರ ಕಡೆಯ ಏರಿಗೆ ಇನ್ನೂ ಹಗುರ ಗೇರ್ ಬೇಕಿತ್ತು. ಅದಕ್ಕೆ ಜಿಆರ್‌ಎಕ್ಸ್ ಆರ್‌ಎಕ್ಸ್400 ಶಿಫ್ಟರ್ (ಹ್ಯಾಂಡಲಿನ ಗೇರ್ ಲಿವರ್), ಡಿಯೋರ್ ಎಂ6000 ಹಿಂದಿನ ಡಿರೇಲರ್ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ), 11ರಿಂದ 42 ಹಲ್ಲಿನ ಸ್ಪ್ರಾಕೆಟ್‌ಗಳ (ಹಿಂಚಕ್ರದ ಹಲ್ಲುಚಕ್ರಗಳ) ಕ್ಯಾಸೆಟ್ ಹಾಕಿಸಿದೆ. ಮುಂದೆ ಪೆಡಲ್ ಹತ್ತಿರ 40 ಹಲ್ಲಿನ ಒಂದೇ ಚೈನ್‌ರಿಂಗ್. ಎಲ್ಲವೂ 10 ಸ್ಪೀಡ್, ಎಲ್ಲವೂ ಶಿಮಾನೊ. ಮಾರಿದವರೂ ಕಣ್ಣು ಮುಚ್ಚಿ ಹಾಕಿಸಿ ಅಂದಿದ್ದರು.

ಈಗ ಚಿಕ್ಕ ಸ್ಪ್ರಾಕೆಟ್ ಕಡೆಯಿಂದ ಟ್ಯೂನ್ ಮಾಡಿದರೆ ಮೊದಲ ಎರಡು ಗೇರ್ ಸದ್ದಿಲ್ಲದೆ ಬೀಳುತ್ತವೆ. ಮೂರನೆಯದರಿಂದ ಕಟಕಟ ಶುರು. ನಡುವಿಗೆ ಬಂದರೆ ಚೈನ್ ಮುಂದಿನ ಸ್ಪ್ರಾಕೆಟ್ಟಿನ ಹಲ್ಲಿಗೆ ಉಜ್ಜುತ್ತದೆ, ಹತ್ತುವುದಿಲ್ಲ. ಕೊನೆಯ ಕ್ಲಿಕ್ಕಿಗೂ 42ಕ್ಕೆ ಮುಟ್ಟುವುದಿಲ್ಲ. ದೊಡ್ಡ ಕಡೆಯಿಂದ ಟ್ಯೂನ್ ಮಾಡಿದರೆ 11ಕ್ಕೆ ಇಳಿಯುವುದಿಲ್ಲ. ಏನು ನೋಡಬೇಕು?

ಬಳ್ಳಾರಿ ರೈಡರ್:

ಸರ್, ಮೊದಲು ಕೇಬಲ್ ಔಟರ್, ಅಂದರೆ ಕೇಬಲ್ ಮೇಲಿನ ಕೊಳವೆ ನೋಡಿ. ನಮ್ಮ ಕಡೆ ಸಂಡೂರು ರಸ್ತೆಯ ಅದಿರಿನ ಧೂಳು ಔಟರ್ ಒಳಗೆ ಹೋದರೆ ಕೇಬಲ್ ಬಿಗಿಯಾಗಿ ಎಳೆದಾಡುತ್ತದೆ. ಹೊಸ ಔಟರ್ ಆಗಿದ್ದರೂ ತುದಿಯ ಕ್ಯಾಪ್ ತೆಗೆದು ನೋಡಿ. ಒಳಗಿನ ತಂತಿಗಳು ಉದ್ದುದ್ದ ಇದ್ದರೆ ಅದು ಗೇರ್ ಔಟರ್. ಸ್ಪ್ರಿಂಗ್ ಥರ ಸುತ್ತಿದ್ದರೆ ಅದು ಬ್ರೇಕ್ ಔಟರ್. ಗೇರಿಗೆ ಅದನ್ನು ಹಾಕಿದರೆ ಎಳೆದಾಗ ಕುಗ್ಗುತ್ತದೆ, ಕ್ಲಿಕ್ ಎಂದೂ ಒಂದೇ ಜಾಗಕ್ಕೆ ಬರುವುದಿಲ್ಲ. ಕಟ್ ಮಾಡುವಾಗ ತುದಿ ಜಜ್ಜಿಹೋಗಿದ್ದರೂ ಕೇಬಲ್ ಅಲ್ಲೇ ಹಿಡಿಯುತ್ತದೆ.

ಸಿಂಧನೂರು ಕಾಲುವೆ ದಂಡೆ:

ಬಳ್ಳಾರಿಯವರು ಹೇಳಿದ್ದು ನೋಡಲೇಬೇಕಾದ್ದು. ಆದರೆ ಔಟರ್ ಹಿಡಿಯುತ್ತಿದ್ದರೆ ಸಾಮಾನ್ಯವಾಗಿ ದೊಡ್ಡದಕ್ಕೆ ಹತ್ತುವುದು ಸರಿ ಇರುತ್ತದೆ, ಚಿಕ್ಕದಕ್ಕೆ ಇಳಿಯುವುದು ತಡವಾಗುತ್ತದೆ. ಕೇಬಲ್ ಬಿಗಿ ಬರೀ ಜಾಸ್ತಿ ಕಡಿಮೆ ಆಗಿದ್ದರೆ ಎಲ್ಲ ಗೇರಿನಲ್ಲೂ ಒಂದೇ ಅಳತೆಯ ತಪ್ಪು ಇರುತ್ತದೆ, ಆ ಬಿಗಿ ಹೊಂದಿಸುವ ತಿರುಪು (ಬ್ಯಾರೆಲ್ ಅಡ್ಜಸ್ಟರ್) ತಿರುಗಿಸಿದರೆ ಮುಗಿಯಿತು. ನಿಮ್ಮದರಲ್ಲಿ ಕ್ಲಿಕ್ ಕ್ಲಿಕ್ಕಿಗೆ ತಪ್ಪು ಬೆಳೆಯುತ್ತಿದೆ. ನನಗೆ ಅನುಮಾನ ಇರುವುದು ಅಲ್ಲೇ. ಶಿಫ್ಟರ್ ಎಳೆಯುವ ಅಳತೆಯೂ ಡಿರೇಲರ್ ಬೇಡುವ ಅಳತೆಯೂ ಬೇರೆ ಬೇರೆ.

9 ಸ್ಪೀಡ್ ಕಾಲದಲ್ಲಿ ಶಿಮಾನೊ ರೋಡ್ ಶಿಫ್ಟರಿಗೆ ಎಂಟಿಬಿ (ಮೌಂಟನ್ ಬೈಕ್) ಡಿರೇಲರ್ ಸಲೀಸಾಗಿ ಕೂಡುತ್ತಿತ್ತು. ಎಷ್ಟೋ ಅಂಗಡಿಯವರ ತಲೆಯಲ್ಲಿ ಅದೇ ಲೆಕ್ಕ ಉಳಿದಿದೆ. 10 ಸ್ಪೀಡಿಗೆ ಬಂದಾಗ ಎಂಟಿಬಿಯ ಅಳತೆಯನ್ನೇ ಬದಲಿಸಿದರು. ಆಮೇಲೆ ಟಿಯಾಗ್ರಾ 4700 ಎಂಬ ರೋಡ್ ಸೆಟ್ಟಿನಲ್ಲಿ ರೋಡಿನ 10 ಸ್ಪೀಡಿಗೂ 11 ಸ್ಪೀಡಿನ ಅಳತೆ ತಂದರು. ನಿಮ್ಮ ಆರ್‌ಎಕ್ಸ್400 ಅದೇ ಜಾತಿ. ಅದು ಒಂದು ಕ್ಲಿಕ್ಕಿಗೆ ಸುಮಾರು 2.8 ಮಿ.ಮೀ. ಕೇಬಲ್ ಎಳೆಯುತ್ತದೆ. ಡಿಯೋರ್ ಡಿರೇಲರಿಗೆ ಸುಮಾರು 3.4 ಬೇಕು. 10 ಸ್ಪೀಡಿನಲ್ಲಿ ಒಂದು ಸ್ಪ್ರಾಕೆಟ್ಟಿನಿಂದ ಇನ್ನೊಂದಕ್ಕೆ 3.95 ಮಿ.ಮೀ. ದೂರ. ನಿಮ್ಮ ಜೋಡಿಯಲ್ಲಿ ಡಿರೇಲರ್ ಸರಿಯುವುದು 3.4ರ ಆಸುಪಾಸು ಮಾತ್ರ. ಒಂಬತ್ತು ಕ್ಲಿಕ್ ಸೇರಿದರೆ ಒಂದು ಇಡೀ ಸ್ಪ್ರಾಕೆಟ್ಟಿಗಿಂತ ಜಾಸ್ತಿ ಕೊರತೆ. 42 ಮುಟ್ಟದೇ ಇರುವುದು ಅದಕ್ಕೇ.

ನನ್ನ ಮಾತು ನಂಬಬೇಡಿ, ಅಳೆದು ನೋಡ್ರಿ. ಡಿರೇಲರ್ ಬೋಲ್ಟಿನಿಂದ ಕೇಬಲ್ ಬಿಡಿಸಿ. ಒಂದು ಕೈಯಲ್ಲಿ ಬಿಗಿಯಾಗಿ ಹಿಡಿದು, ಔಟರ್ ಬಾಯಿಯಿಂದ ಸಾಕಷ್ಟು ದೂರ ಬಿಟ್ಟು ಹೊರಗಿನ ಕೇಬಲ್ ಮೇಲೆ ಮಾರ್ಕರಿನಿಂದ ಗುರುತು ಹಾಕಿ. ಚಿಕ್ಕ ಗೇರಿನಿಂದ ದೊಡ್ಡ ಗೇರಿನವರೆಗೆ ಎಲ್ಲ ಕ್ಲಿಕ್ ಮಾಡಿ. ಗುರುತು ಔಟರ್ ಕಡೆಗೆ ಸರಿಯುತ್ತದೆ, ಎಷ್ಟು ಮಿ.ಮೀ. ಸರಿಯಿತು ಅಂತ ಅಳೆಯಿರಿ. 25ರ ಹತ್ತಿರ ಬಂದರೆ ನನ್ನ ಲೆಕ್ಕ ಸರಿ, 30ರ ಹತ್ತಿರ ಬಂದರೆ ಬೇರೆ ಕಾರಣ ಹುಡುಕೋಣ.

ಗಂಗಾವತಿ ಗ್ರಾವೆಲ್:

ಅಣ್ಣಾ, ಅಳೆದೆ. 25 ಮಿ.ಮೀ.ಗೆ ಕೂದಲಷ್ಟು ಜಾಸ್ತಿ. ಔಟರ್ ಗೇರಿನದೇ, ತುದಿಯೂ ಚೆನ್ನಾಗಿದೆ. ಕೇಬಲ್ ಬಿಡಿಸಿದಾಗ ಡಿರೇಲರನ್ನು ಕೈಯಿಂದ ತಳ್ಳಿ ನೋಡಿದೆ, ಎರಡೂ ತುದಿಗೆ ಆರಾಮಾಗಿ ಹೋಗುತ್ತದೆ. ಈಗ ಯಾವುದು ಬದಲಿಸಲಿ? 42 ಬಿಡುವ ಮನಸ್ಸಿಲ್ಲ.

ಸಿಂಧನೂರು ಕಾಲುವೆ ದಂಡೆ:

ಹಾಗಾದರೆ ಶಿಫ್ಟರ್, ಕ್ಯಾಸೆಟ್, ಚೈನ್ ಮುಟ್ಟಬೇಡಿ. ಡಿರೇಲರ್ ಒಂದೇ ಬದಲಿಸಿ. ಆರ್‌ಎಕ್ಸ್400 ಡಿರೇಲರ್ 36 ಹಲ್ಲಿನವರೆಗೆ ಮಾತ್ರ, ನಿಮಗೆ ಬೇಡ. ಆರ್‌ಎಕ್ಸ್812 ಹುಡುಕಿ. ಅದರ ಮೇಲೆ 11 ಸ್ಪೀಡ್ ಅಂತ ಇರುತ್ತದೆ, ಹೆದರಬೇಡಿ. ಕ್ಲಿಕ್ ಎಣಿಸುವುದು ಶಿಫ್ಟರ್, ಡಿರೇಲರ್ ಅಲ್ಲ. ಎಳೆಯುವ ಅಳತೆ ನಿಮ್ಮ ಶಿಫ್ಟರಿಗೆ ಹೊಂದುತ್ತದೆ, 42ಕ್ಕೂ ಸರಿ. ಕೇಬಲ್ ನಡುವೆ ಪುಟ್ಟ ಪುಲ್ಲಿ ಕೂರಿಸಿ ಅಳತೆ ಹೆಚ್ಚಿಸುವ ಟ್ಯಾನ್‌ಪ್ಯಾನ್ ಥರದವೂ ಇವೆ. ಡಿಯೋರ್ ಉಳಿಸಿಕೊಳ್ಳಲೇಬೇಕು ಅಂದರೆ ಅದು. ನಮ್ಮ ಕಾಲುವೆ ದಂಡೆಯ ಕೆಸರಿನಲ್ಲಿ ಕೇಬಲ್ಲಿಗೆ ಇನ್ನೊಂದು ತಿರುವು ಕೊಡುವುದು ನನಗೆ ಇಷ್ಟವಿಲ್ಲ.

ಬಳ್ಳಾರಿ ರೈಡರ್:

ಡಿರೇಲರ್ ಬಿಚ್ಚಿದಾಗ ಹ್ಯಾಂಗರ್ (ಫ್ರೇಮಿನಲ್ಲಿ ಡಿರೇಲರ್ ಕೂರುವ ತುಂಡು) ನೆಟ್ಟಗಿದೆಯಾ ನೋಡಿಬಿಡಿ ಸರ್. ಆ ತೂತಿನ ಥ್ರೆಡ್ (ತಿರುಪಿನ ಅಳತೆ) ಎಂ10×1. ಕ್ವಿಕ್ ರಿಲೀಸ್ ಇರುವ ಒಳ್ಳೆ ಹಿಂದಿನ ಚಕ್ರದ ಆಕ್ಸಲ್ ಕೂಡ ಸಾಮಾನ್ಯವಾಗಿ ಅದೇ ಥ್ರೆಡ್. ಹಳೇ ಚಕ್ರ ಇದ್ದರೆ ಆಕ್ಸಲ್ ತುದಿಯನ್ನು ಹ್ಯಾಂಗರಿಗೆ ಕೈಯಲ್ಲೇ ತಿರುಗಿಸಿ ನೋಡಿ, ಬಿಗಿ ಅನಿಸಿದರೆ ಬಲವಂತ ಬೇಡ. ಕೂತರೆ ಎರಡೂ ಚಕ್ರದ ರಿಮ್ ನಡುವಿನ ಅಂತರವನ್ನು ಮೇಲೆ, ಕೆಳಗೆ, ಹಿಂದೆ ಅಳೆಯಿರಿ. ಎಲ್ಲ ಕಡೆ ಒಂದೇ ಬರಬೇಕು.

ಸಿಂಧನೂರು ಕಾಲುವೆ ದಂಡೆ:

ಹೌದು, ಅದು ಮೊದಲು. ಆಮೇಲೆ ಲಿಮಿಟ್ ಸ್ಕ್ರೂ (ಡಿರೇಲರ್ ಎರಡೂ ತುದಿ ದಾಟದಂತೆ ತಡೆಯುವುದು), ಬಿ-ಸ್ಕ್ರೂ (ಡಿರೇಲರಿಗೂ ಸ್ಪ್ರಾಕೆಟ್ಟಿಗೂ ನಡುವಿನ ಅಂತರ ಹೊಂದಿಸುವುದು), ಕೊನೆಗೆ ಕೇಬಲ್. ಚೈನ್ 42ರ ಮೇಲೆ ಇದ್ದಾಗ ಬಿ-ಸ್ಕ್ರೂ ನೋಡಿ, ಡಿರೇಲರಿನ ಮೇಲಿನ ಪುಟ್ಟ ಚಕ್ರ (ಜಾಕಿ ವೀಲ್) ಸ್ಪ್ರಾಕೆಟ್ಟಿನ ಹಲ್ಲಿಗೆ ತಾಗಬಾರದು. ಇನ್ನೊಂದು, ಆರ್‌ಎಕ್ಸ್812ಕ್ಕೆ ಚೈನ್ ಬಿಗಿಯಾಗಿ ಹಿಡಿದಿಡುವ ಕ್ಲಚ್ಚಿನ ಲಿವರ್ ಇದೆ. ಚಕ್ರ ತೆಗೆಯುವಾಗ ಆಫ್ ಮಾಡಿ, ಹಾಕಿದ ಮೇಲೆ ಮತ್ತೆ ಆನ್ ಮಾಡಿ. ಇಲ್ಲದಿದ್ದರೆ ಕಲ್ಲು ದಾರಿಯಲ್ಲಿ ಚೈನ್ ಕುಣಿದು ಮುಂದಿನ ರಿಂಗಿನಿಂದ ಬೀಳಬಹುದು.